ಗುಡ್ಡದಾಗ ಕಬ್ಬಿಣ ಐತಲ್ಲ, ಅದಕ್ಕೇ!

ಕುರೆಕುಪ್ಪದಲ್ಲಿರುವ ನಮ್ಮ ಚಿಕ್ಕಪ್ಪನ ಮಗನ ದೂರು ವಿಚಿತ್ರವಾಗಿತ್ತು. "ಅಣ್ಣಾ, ಮನಿ ಮುಂದ ಕಾರಿನ ಬ್ಲೂಟೂತ್ ಹಿಡಿಯವಲ್ದು. ರಸ್ತೆಗೆ ಬಂದ್ರ ತಾನೇ ಹಿಡಿತೈತಿ. ಗುಡ್ಡದಾಗ ಕಬ್ಬಿಣ ಐತಲ್ಲ, ಅದಕ್ಕೇ ಇರಬೇಕು."

ಸಂಡೂರು ಸೀಮೆಯಲ್ಲಿ ಎಲ್ಲದಕ್ಕೂ ಅದಿರನ್ನು ದೂರುವ ರೂಢಿಯಿದೆ. ಇಲ್ಲಿ ಮಾತ್ರ ಅದು ನಿರಪರಾಧಿ. ಬ್ಲೂಟೂತ್ ಅಲೆ ಜೇಬಿನ ಫೋನಿನಿಂದ ಡ್ಯಾಶ್‌ಬೋರ್ಡಿಗೆ ಹೋಗಬೇಕಾದ ದಾರಿ ಎರಡು-ಮೂರು ಅಡಿ. ಆ ನಡುವೆ ಗುಡ್ಡವೆಲ್ಲಿಂದ ಬರಬೇಕು? ಗುಡ್ಡ ಅಡ್ಡ ಬರುವುದು ಮೊಬೈಲ್ ಟವರಿನ ಅಲೆಗೆ. ಇಂಟರ್ನೆಟ್ಟಿನಿಂದ ಬರುತ್ತಿದ್ದ ಹಾಡು ಕಣಿವೆಯಲ್ಲಿ ನಿಂತರೆ ಜನ ಬ್ಲೂಟೂತನ್ನು ಬೈಯುತ್ತಾರೆ. ಫೋನಿನಲ್ಲೇ ಇಳಿಸಿಕೊಂಡ ಹಾಡೊಂದನ್ನು ಹಾಕಿ ನೋಡಿ. ಅದು ಸಲೀಸಾಗಿ ಕೇಳಿಸಿದರೆ ಕಾರಿನದೂ ತಪ್ಪಿಲ್ಲ, ಬ್ಲೂಟೂತಿನದೂ ಇಲ್ಲ.

ಸಾಲುಗಟ್ಟಿದ ಲಾರಿಗಳ ನಡುವೆ, ಪ್ರತಿಯೊಂದರಲ್ಲೂ ಒಂದೊಂದು ಫೋನ್ ಇದ್ದರೂ ಬ್ಲೂಟೂತ್ ಗಲಿಬಿಲಿಗೊಳ್ಳುವುದಿಲ್ಲ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯೇ ಇದರದೂ. ಆದರೆ ಇದು ಒಂದೆಡೆ ನಿಲ್ಲುವುದಿಲ್ಲ: 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಎಲ್ಲಿಂದ ಎಲ್ಲಿಗೆ ಜಿಗಿಯಬೇಕೆಂಬ ಲೆಕ್ಕ ಜೋಡಿಯಾದ ಎರಡೂ ಕಡೆಗೆ ಗೊತ್ತಿರುತ್ತದೆ. ಹೀಗೆ ಜಿಗಿಯುವ ಉಪಾಯಕ್ಕೆ ಸಿನಿಮಾ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಅವರ ಕಣ್ಣಿದ್ದದ್ದು ಟಾರ್ಪಿಡೊ ಮೇಲೆ. ಬ್ಲೂಟೂತನ್ನು ನಿಜವಾಗಿ ಬಳಲಿಸುವುದು ನಮ್ಮ ಮೈ. ಅದರೊಳಗಿನ ನೀರು ಈ ಅಲೆಗಳನ್ನು ಹೀರುತ್ತದೆ. ಹಿಂದಿನ ಜೇಬಿನಲ್ಲಿ ಫೋನಿಟ್ಟು ಅದರ ಮೇಲೇ ಕೂತವರ ಹಾಡು ತಡವರಿಸುವುದು ಅದಕ್ಕೆ.

ಆದರೆ ಮುಕ್ಕಾಲು ರಗಳೆ ಅಲೆಯದ್ದಲ್ಲ, ನೆನಪಿನದು. ಮೊದಲ ಸಲ ಜೋಡಿಸುವಾಗ ಎರಡೂ ಪರದೆಗಳಲ್ಲಿ ಆರಂಕಿಯ ಸಂಖ್ಯೆ ಬರುತ್ತದೆ. ಎರಡೂ ಒಂದೇ ಎಂದು ನಾವು ಒಪ್ಪಿದ ಮೇಲೆ ಫೋನು, ಕಾರು ಎರಡೂ ಒಂದೇ ಗುಟ್ಟಿನ ಕೀಲಿಯನ್ನು ತಮ್ಮತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಮರುದಿನದಿಂದ ಸಂಖ್ಯೆ ಕೇಳುವುದಿಲ್ಲ, ಕೀಲಿ ತಾಳೆಯಾದರೆ ಸಾಕು. ಫೋನನ್ನು ರೀಸೆಟ್ ಮಾಡಿದರೆ, ಇಲ್ಲವೇ ಕಾರಿನ ಪಟ್ಟಿ ತುಂಬಿ ಹಳೆಯ ಹೆಸರು ಉದುರಿದರೆ, ಒಂದು ಕಡೆಯ ಕೀಲಿ ಹೋಗುತ್ತದೆ. ಇನ್ನೊಂದು ಕಡೆ ಹೆಸರು ಹಾಗೇ ಕಾಣುತ್ತಿರುತ್ತದೆ, ಒತ್ತಿದರೆ ಮಾತ್ರ ಬಾಗಿಲು ತೆರೆಯದು. ಆಗ ಎರಡೂ ಕಡೆ ಹೆಸರು ಅಳಿಸಿ ಹೊಸದಾಗಿ ಜೋಡಿಸಬೇಕು. ನಮ್ಮವರು ಫೋನಿನಲ್ಲಷ್ಟೇ ಅಳಿಸಿ, ಕಾರಿನಲ್ಲಿ ಮರೆತು, ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗುತ್ತಾರೆ.

ಕರೆ ಬರುತ್ತದೆ, ಹಾಡು ಬರುವುದಿಲ್ಲ ಎಂಬುದು ಬೇರೆಯೇ ಕಥೆ. ಕರೆಗೊಂದು, ಹಾಡಿಗೊಂದು, ಹೆಸರುಗಳ ಪಟ್ಟಿಗೊಂದು ಎಂದು ಬ್ಲೂಟೂತಿನಲ್ಲಿ ಬೇರೆ ಬೇರೆ ಒಪ್ಪಂದಗಳಿವೆ. ಫೋನಿನಲ್ಲಿ ಕಾರಿನ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಯಾವುದು ಆಫ್ ಆಗಿದೆ ಎಂದು ಕಾಣುತ್ತದೆ.

ತಮ್ಮನ ಕಾರಿನಲ್ಲಿ ಇದಾವುದೂ ಅಲ್ಲ. ಅಂಗಳದಲ್ಲಿ ಕೀ ತಿರುಗಿಸಿದೊಡನೆ ಪರದೆ ‘ಕನೆಕ್ಟೆಡ್’ ಎಂದಿತು. ಯಾರ ಫೋನಿಗೆ ಎಂದು ಅವನು ಒಮ್ಮೆಯೂ ಓದಿರಲಿಲ್ಲ. ಅವನ ಹೆಂಡತಿಯ ಫೋನು ಗೋಡೆಯಾಚೆ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಸಾಧಾರಣ ಬ್ಲೂಟೂತಿನ ಅಳವು ಸುಮಾರು 10 ಮೀಟರ್. ಕಾರು ಪಟ್ಟಿಯ ಮೊದಲ ಹೆಸರನ್ನು ಹಿಡಿದು ಕೂತಿತ್ತು. ರಸ್ತೆಗೆ ಇಳಿದಾಗ ಆ ಕೊಂಡಿ ಕಳಚಿ, ಮುಂದಿನ ಹೆಸರು ಹುಡುಕುತ್ತಿತ್ತು. ಆಕೆಯ ಹೆಸರು ಅಳಿಸೋಣವೇ ಎಂದೆ. ಭಾನುವಾರ ಹೊಸಪೇಟೆಗೆ ಹೋಗುವಾಗ ಹಾಡು ಹಾಕುವವಳು ಅವಳೇ ಅಂತೆ. ಇವನ ಹೆಸರನ್ನು ಪಟ್ಟಿಯಲ್ಲಿ ಮೇಲಕ್ಕೆ ತಂದು ಸುಮ್ಮನಾದೆವು.