ಮನೆಯಲ್ಲೇ ಫ್ರೆಂಚು, ಕಾಲೇಜಲ್ಲಿ ಕ್ರೆಡಿಟ್ಟು!

ಕ್ಲಾಸಿಗೇ ಹೋಗದೆ ಡಿಗ್ರಿಯ ಒಂದು ಪಾಲು ಕೈಗೆ ಬರುತ್ತಾ? ಅಮೆರಿಕದಲ್ಲಿ ಬರುತ್ತೆ! ಅಲ್ಲಿನ ಕಾಲೇಜ್ ಬೋರ್ಡ್ ನಡೆಸುವ 'ಕ್ಲೆಪ್' ಫ್ರೆಂಚ್ ಪರೀಕ್ಷೆಯಲ್ಲಿ, ಎಲ್ಲಿ ಕಲಿತಿರಿ ಅಂತ ಯಾರೂ ಕೇಳೋಲ್ಲ. ಗರಿಷ್ಠ 80ರಲ್ಲಿ 50 ಅಂಕ ಬಂದರೆ ಹಲವು ಕಾಲೇಜುಗಳು 6 ಕ್ರೆಡಿಟ್ ಕೊಡುತ್ತವೆ. ಎರಡು ಸೆಮಿಸ್ಟರಿನ ಫ್ರೆಂಚ್ ಪಾಠದ ಫೀಸು ಉಳಿದ ಹಾಗೆ.

ಆದರೆ ವ್ಯಾಕರಣವನ್ನಷ್ಟೇ ಉರು ಹೊಡೆದವರು ಇಲ್ಲಿ ಎಡವುತ್ತಾರೆ. ನೂರಕ್ಕೆ 40 ಪಾಲು ಅಂಕ ಕಿವಿಯದು. ಫ್ರೆಂಚ್ ಮಾತು ಕೇಳಿಸಿಕೊಂಡು ಉತ್ತರ ಆರಿಸಬೇಕು. ಬರೆದಂತೆ ಓದುವ ಭಾಷೆ ಅದಲ್ಲ. 'ಪ್ಯಾರಿಸ್' ಅಲ್ಲಿಯವರ ಬಾಯಲ್ಲಿ ಬರೀ 'ಪಾರಿ'! ಹಾಗಾಗಿ ಪುಸ್ತಕದ ಜೊತೆ ಫ್ರೆಂಚ್ ರೇಡಿಯೋನೂ ದಿನಾ ಕೇಳಬೇಕು. ಅಂಕ ಸಾಲದೆ ಹೋದರೆ ಮೂರು ತಿಂಗಳು ಕಾದು, ಮತ್ತೆ ಫೀಸು ಕಟ್ಟಬೇಕು. ತಮ್ಮ ಕಾಲೇಜು ಈ ಅಂಕ ಒಪ್ಪುತ್ತಾ ಅಂತ ಮೊದಲೇ ವಿಚಾರಿಸಿಕೊಂಡವರೇ ಜಾಣರು.