ಕಣ್ಣಿಗೆ ಕನ್ನಡ, ಕಿವಿಗೆ ಗೋಜಲು

ಅಂಧ ವಿದ್ಯಾರ್ಥಿಗಳ ಪದವಿ ಓದಿಗೆ ಬ್ರೈಲ್ ಪುಸ್ತಕ, ಗೆಳೆಯರು ಓದಿ ರೆಕಾರ್ಡ್ ಮಾಡಿಕೊಟ್ಟ ಪಾಠಗಳ ಜೊತೆಗೆ ಈಗ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಸೇರಿದೆ. ಉಚಿತವಾಗಿ ಸಿಗುವ ಎನ್‌ವಿಡಿಎ ಕನ್ನಡವನ್ನೂ ಓದಿ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳು ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೆ ಮೀಸಲು. ಸೀಟು ಸಿಕ್ಕ ಮೇಲೆ ಪಾಠವೂ ಸಿಗಬೇಕಾದರೆ ಅಧ್ಯಾಪಕರು ಕಳಿಸುವ ಫೈಲು ಸರಿಯಿರಬೇಕು.

ಕನ್ನಡ ನೋಟ್ಸ್ ಎಡವುವುದು ಇಲ್ಲಿಯೇ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚಾದ ಫೈಲಿನೊಳಗೆ ಕನ್ನಡದ ಒಂದಕ್ಷರವೂ ಇರುವುದಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಬರೆದು ಕೂರಿಸಿರುತ್ತಾರೆ, ಅಷ್ಟೆ. ‘ಕನ್ನಡ’ ಎಂದು ಟೈಪ್ ಮಾಡಿದರೆ ಒಳಗೆ ಉಳಿಯುವುದು ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಲಿಪಿಯ ಒಂದಕ್ಷರ, ಕ್ಯೂ, ಇನ್ನೊಮ್ಮೆ ಎ. ಫಾಂಟು ಇದನ್ನು ಅಚ್ಚುಕಟ್ಟಾದ ಕನ್ನಡವಾಗಿ ತೋರಿಸುತ್ತದೆ. ಸ್ಕ್ರೀನ್ ರೀಡರ್ ಮಾತ್ರ ಒಳಗಿದ್ದುದನ್ನೇ ಓದುತ್ತದೆ. ಹೊಸಗನ್ನಡ ಕಾವ್ಯದ ಮೇಲಿನ ಹತ್ತು ಪುಟದ ನೋಟ್ಸ್ ಕಿವಿಗೆ ಬೀಳುವುದು ಹೀಗೆ. ಪ್ರಿಂಟ್ ತೆಗೆದ ಹಾಳೆಯಲ್ಲಿ ಯಾವ ದೋಷವೂ ಕಾಣದ ಕಾರಣ, ಕಣ್ಣಿದ್ದವರಿಗೆ ಈ ತೊಂದರೆ ಇದೆಯೆಂಬುದೇ ಗೊತ್ತಾಗುವುದಿಲ್ಲ. ಅದೇ ನೋಟ್ಸನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದರೆ ಸ್ಕ್ರೀನ್ ರೀಡರ್ ಸಲೀಸಾಗಿ ಓದುತ್ತದೆ. ಇಷ್ಟು ಸಣ್ಣ ಕೆಲಸ ಆಗದೆ ಒಬ್ಬ ವಿದ್ಯಾರ್ಥಿ ಇಡೀ ಸೆಮಿಸ್ಟರ್ ಪರದಾಡುವುದು ಅನ್ಯಾಯ.

ಫೋಟೊ ತೆಗೆದು ಪಿಡಿಎಫ್ ಮಾಡಿದ ಪುಟಗಳದು ಬೇರೆ ಕಥೆ. ಅವು ಬರೀ ಚಿತ್ರಗಳು. ಮೊದಲು ಅವುಗಳಿಂದ ಅಕ್ಷರ ಗುರುತಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿಜ್ಞಾನಿ’ ಕನ್ನಡಕ್ಕೆ ಈ ಕೆಲಸ ಮಾಡುತ್ತದೆ.

ತರಗತಿಯಲ್ಲಿ ಬೇಕಾದದ್ದು ಬಾಯಿಮಾತು. ಬೋರ್ಡಿನತ್ತ ಕೈ ತೋರಿಸಿ ‘ಇದನ್ನು ಇದರಿಂದ ಕಳೆದರೆ ಇಷ್ಟು’ ಎಂದರೆ ಅಂಧ ವಿದ್ಯಾರ್ಥಿಗೆ ಏನೂ ದಕ್ಕದು. ‘ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ’ ಎಂದು ಬಿಡಿಸಿ ಹೇಳಿದರೆ ಅವರಿಗೆ ತಿಳಿಯುತ್ತದೆ, ಹಿಂದಿನ ಬೆಂಚಿನವರಿಗೂ ಅನುಕೂಲ.

ಪರೀಕ್ಷೆಯ ನಿಯಮಗಳು ಇದಕ್ಕಿಂತ ಸ್ಪಷ್ಟ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು; ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಉತ್ತರ ಬರೆದುಕೊಡಲು ಸಹಾಯಕರನ್ನೂ ಪಡೆಯಬಹುದು. ಶೇ 40ರ ಮಿತಿ ಮುಟ್ಟಿಲ್ಲವೆಂಬ ಕಾರಣಕ್ಕೆ ಅಂಗವಿಕಲರಿಗೆ ಈ ಸಹಾಯ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿತು.