ಸಿಹಿನೀರೆಲ್ಲ ಒಳ್ಳೇ ನೀರಲ್ಲ

ದಾವಣಗೆರೆ ಜಿಲ್ಲೆಯ ನಕ್ಷೆಯನ್ನು ಒಮ್ಮೆ ನೀರಿನ ಲೆಕ್ಕದಲ್ಲಿ ನೋಡಿ. ಹೊನ್ನಾಳಿ, ನ್ಯಾಮತಿ ಕಡೆ ತುಂಗಭದ್ರೆ ಇದೆ. ಚನ್ನಗಿರಿಗೆ ಸೂಳೆಕೆರೆ, ಭದ್ರಾ ನಾಲೆ ಇವೆ. ಪೂರ್ವದ ಜಗಳೂರಿಗೆ ಬಂದರೆ ಬಹುಕಾಲದಿಂದ ಕೊಳವೆಬಾವಿಯೇ ಗತಿ. ಆ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಅಲ್ಲಿನವರಿಗೆ ಹೊಸ ಸುದ್ದಿಯಲ್ಲ. ಆದರೆ ನಾಲಿಗೆಗೆ ಹಿತವಾದ ನೀರಲ್ಲೇ ಅದು ಹೆಚ್ಚಿರಬಹುದು ಅನ್ನೋದು ಎಷ್ಟು ಜನರಿಗೆ ಗೊತ್ತು?

ಪಾತ್ರೆಯ ಮೇಲೆ ಬಂದ ಅಪವಾದ

ಹಲ್ಲಿನ ಕಂದು ಕಲೆಗೂ ನೀರಿಗೂ ಇರುವ ನಂಟು ಹಿಡಿದವರಲ್ಲಿ ಎಚ್. ವಿ. ಚರ್ಚಿಲ್ ಮುಖ್ಯರು. ಅಮೆರಿಕದ ಆಲ್ಕೋವಾ ಅಲ್ಯೂಮಿನಿಯಂ ಕಂಪನಿಯ ಮುಖ್ಯ ರಸಾಯನಜ್ಞ. ಅಲ್ಯೂಮಿನಿಯಂ ಪಾತ್ರೆ ವಿಷ ಅಂತ ಜನ ಮಾತಾಡುತ್ತಿದ್ದ ಕಾಲ ಅದು. ಕಂಪನಿಯದೇ ಊರಾದ ಬಾಕ್ಸೈಟ್‌ನಲ್ಲಿ ಮಕ್ಕಳ ಹಲ್ಲು ಕಲೆಯಾಗಿದ್ದವು. ಚರ್ಚಿಲ್ 1931ರಲ್ಲಿ ಅಲ್ಲಿನ ನೀರು ಪರೀಕ್ಷಿಸಿದಾಗ ಲೀಟರಿಗೆ 13.7 ಮಿ.ಗ್ರಾಂ ಫ್ಲೋರೈಡ್ ಸಿಕ್ಕಿತು. ತಪ್ಪು ಪಾತ್ರೆಯದಲ್ಲ, ನೀರಿನದು! ನಮ್ಮ ಭಾರತೀಯ ಮಾನಕದಲ್ಲಿ ಇರಬೇಕಾದ್ದು 1 ಮಿ.ಗ್ರಾಂ ಒಳಗೆ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ.

ಕಲ್ಲು ಮತ್ತು ನೀರಿನ ಒಪ್ಪಂದ

ಫ್ಲೋರೈಡ್ ಬರೋದು ಕಲ್ಲಿನಿಂದ. ಗ್ರಾನೈಟ್‌ನಂಥ ಬಂಡೆಗಳಲ್ಲಿ ಫ್ಲೋರೈಟ್ ಎಂಬ ಖನಿಜ ಇರುತ್ತೆ, ಅಂದರೆ ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಜೋಡಿ. ಪಿಯುಸಿಯಲ್ಲಿ ಸೈನ್ಸ್ ತಗೊಂಡವರಿಗೆ 'ಸಾಲ್ಯುಬಿಲಿಟಿ ಪ್ರಾಡಕ್ಟ್' ನೆನಪಿರಬಹುದು. ಈ ಖನಿಜ ಎಷ್ಟು ಕರಗಬೇಕು ಅನ್ನೋದಕ್ಕೆ ಥರ್ಮೋಡೈನಮಿಕ್ಸ್ ಒಂದು ಮಿತಿ ಹಾಕಿದೆ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್‌ಗೆ ಜಾಗ ಕಡಿಮೆ. ಕ್ಯಾಲ್ಸಿಯಂ ಹತ್ತನೇ ಒಂದು ಭಾಗಕ್ಕಿಳಿದರೆ ಫ್ಲೋರೈಡ್ ಸುಮಾರು ಮೂರು ಪಟ್ಟು ಏರಬಹುದು.

ಲೆಕ್ಕ ಹಾಕಿದರೆ, ಲೀಟರಿಗೆ 100 ಮಿ.ಗ್ರಾಂ ಕ್ಯಾಲ್ಸಿಯಂ ಇರುವ ಗಡಸು ನೀರಲ್ಲಿ ಫ್ಲೋರೈಡ್ ಹೆಚ್ಚೆಂದರೆ 2 ಮಿ.ಗ್ರಾಂ ಆಸುಪಾಸು. 10 ಮಿ.ಗ್ರಾಂ ಇರುವ ಮೆದು ನೀರಲ್ಲಿ 7ರವರೆಗೂ ಹೋಗಬಹುದು. ಅಂದರೆ ಸೋಪು ಚೆನ್ನಾಗಿ ನೊರೆ ಬರುವ, ಬೇಳೆ ಬೇಗ ಬೇಯುವ ಬೋರ್ ನೀರನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಗಡಸು ನೀರು ಸುರಕ್ಷಿತ ಅಂತಲೂ ಅಲ್ಲ, 2 ಕೂಡ ಮಿತಿ ಮೀರಿದ್ದೇ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಫ್ಲೋರೈಡ್ ಗೊತ್ತಾಗಲ್ಲ.

ಕುದಿಸಿದರೆ ಹೋಗುತ್ತಾ?

ಹೋಗಲ್ಲ. ಆವಿಯಾಗೋದು ನೀರು ಮಾತ್ರ. ಫ್ಲೋರೈಡ್ ತಳದಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ ಮತ್ತು ಆಲಂ ಹಾಕುತ್ತಾರೆ. ಆಗ ಹುಟ್ಟುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಗಸಿ ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತೆ. ಪ್ರಮಾಣ ನೀರಿನಿಂದ ನೀರಿಗೆ ಬದಲಾಗುವುದರಿಂದ ಇದನ್ನು ಮನೆಯಲ್ಲಿ ಅಂದಾಜಿನ ಮೇಲೆ ಮಾಡಬೇಡಿ. ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ಇನ್ನೊಂದು ದಾರಿ. ಆದರೆ ಅದರ ಕಾಳುಗಳು ತುಂಬಿಹೋದ ಮೇಲೆ ನೀರು ಮೊದಲಿನಷ್ಟೇ ತಿಳಿಯಾಗಿ ಬರುತ್ತೆ, ಫ್ಲೋರೈಡ್ ಸಮೇತ. ಆರ್‌ಓ ಮೆಂಬ್ರೇನ್ ಹಳೆಯದಾದರೂ ಅದೇ ಕಥೆ.

ಮನೆಯವರು ಮಾಡಬಹುದಾದ್ದು

ಸುಮಾರು ಎಂಟು ವರ್ಷದೊಳಗಿನ ಮಕ್ಕಳ ಬಗ್ಗೆ ಹೆಚ್ಚು ಜಾಗ್ರತೆ ಬೇಕು. ಹಲ್ಲು ಒಳಗೆ ರೂಪುಗೊಳ್ಳುವಾಗ ಬಿದ್ದ ಕಲೆ ಉಜ್ಜಿದರೆ ಹೋಗಲ್ಲ. ವರ್ಷಗಟ್ಟಲೆ ಕುಡಿದ ದೊಡ್ಡವರಿಗೆ ಕೀಲು, ಬೆನ್ನು ಬಿಗಿಯುತ್ತೆ. ಹಾಲು, ರಾಗಿ, ಸೊಪ್ಪಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೂ ಫ್ಲೋರೈಡನ್ನು ಸ್ವಲ್ಪ ಕಟ್ಟಿಹಾಕುತ್ತೆ. ಆದರೆ ಅದು ಒಳ್ಳೆ ನೀರಿಗೆ ಬದಲಿಯಲ್ಲ. ಮಳೆನೀರು ಹಿಡಿದು ಶುದ್ಧವಾಗಿಟ್ಟುಕೊಂಡರೆ ಕುಡಿಯಲು, ಅಡುಗೆಗೆ ಅದು ಒಳ್ಳೆಯದು.

ಜಗಳೂರು ಭಾಗದ ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ 57 ಕೆರೆ ಯೋಜನೆ ದೊಡ್ಡ ಆಸರೆ. ಆದರೂ ನಿಮ್ಮ ಬೋರಿನ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ. ಪಂಚಾಯ್ತಿಯಲ್ಲಿ ಪರೀಕ್ಷಾ ಕಿಟ್ ಇದೆಯಾ ಕೇಳಿ. ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೋದಾಗ ಎರಡು ಪ್ರಶ್ನೆ ಹಾಕಿ: ಮೆಂಬ್ರೇನ್ ಬದಲಾಯಿಸಿದ್ದು ಯಾವಾಗ? ಕೊನೆಯ ಸಲ ಫ್ಲೋರೈಡ್ ಎಷ್ಟು ಬಂತು? ಉತ್ತರ ಗೊತ್ತಿಲ್ಲ ಅಂದರೆ ಮುಂದಿನ ವಾರ ಮತ್ತೆ ಕೇಳಿ.